ಮನೆಯೊಳಗಿನ ರೇಡಾನ್: ಅಳೆಯುವ ವಿದ್ಯೆ, ತಗ್ಗಿಸುವ ಕೆಲಸ

(ಅಂತಿಮ ಬಿ.ಎ. ವಿದ್ಯಾರ್ಥಿ, ಹಿರೇಕೊಟ್ನೆಕಲ್)

ನಮ್ಮ ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಕೂಡಿಡುವ ಪದ್ಧತಿ ಬಹುಕಾಲ ನಡೆದುಬಂದಿತು. ಹಗೇವಿನ ಬಾಯಿ ತೆರೆದ ಕೂಡಲೇ ತಿಳಿದವರು ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಲಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಕೆಳಗೆ ಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ನಂದಿದರೆ ಇಳಿಯಬಾರದು. ಕೂಡಿಟ್ಟ ಕಾಳು ಉಸಿರಾಡಿ ಬಿಟ್ಟ ಇಂಗಾಲಾಮ್ಲ ತಳದಲ್ಲಿ ನಿಂತು, ಆಮ್ಲಜನಕ ಕಡಿಮೆಯಾಗಿರುತ್ತದೆ ಎಂಬ ಶಾಸ್ತ್ರ ಆ ಹಿರಿಯರಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಕಾಣದ ಗಾಳಿಯನ್ನು ಪರೀಕ್ಷಿಸದೆ ನಂಬಬಾರದೆಂಬ ವಿವೇಕ ಅವರಿಗೆ ಚೆನ್ನಾಗಿ ಇತ್ತು. ಈ ಪದ್ಧತಿಯಲ್ಲಿ ಮೂರು ಅಂಗಗಳಿವೆ. ಪರೀಕ್ಷೆಗೆ ಒಂದು ಸಾಧನ, ಅದನ್ನು ಬಳಸಬಲ್ಲ ಒಬ್ಬ ಅನುಭವಿ, ಕೆಟ್ಟ ಗಾಳಿಯನ್ನು ಹೊರಹಾಕುವ ಒಂದು ಉಪಾಯ.

ಈ ಲೇಖನದ ವಿಷಯ ಬೇರೊಂದು ಗಾಳಿ. ಅದರ ಹೆಸರು ರೇಡಾನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಇರುವ ಕೋಣೆಯಲ್ಲಿ ದೀಪ ಎಂದಿನಂತೆಯೇ ಉರಿಯುತ್ತದೆ. ಕೆಮ್ಮು ಬರುವುದಿಲ್ಲ, ತಲೆ ಸುತ್ತುವುದಿಲ್ಲ. ಆದುದರಿಂದ ಹಗೇವಿನ ದೀಪಕ್ಕೆ ಬದಲಾಗಿ ಇಲ್ಲಿ ಬೇರೆಯ ಸಾಧನ ಬೇಕು, ಅದನ್ನು ಬಳಸುವ ತರಬೇತಿ ಬೇಕು, ಅನಿಲವನ್ನು ತಗ್ಗಿಸುವ ಕೌಶಲವೂ ಬೇಕು. ಈ ಮೂರನ್ನೂ ಕಲಿಸುವ ಒಂದು ವೃತ್ತಿಶಿಕ್ಷಣವೇ ಹೊರದೇಶಗಳಲ್ಲಿ ಬೆಳೆದಿದೆ. ಕಲೆಯ ವಿದ್ಯಾರ್ಥಿಗೆ ಇದರ ಗೊಡವೆ ಏಕೆ ಎಂದು ವಾಚಕ ಮಿತ್ರರು ಕೇಳಬಹುದು. ಉತ್ತರವನ್ನು ಲೇಖನದ ಕೊನೆಯ ಭಾಗದಲ್ಲಿ ಹೇಳುವೆನು.

೧. ರೇಡಾನ್ ಎಲ್ಲಿಂದ ಬರುತ್ತದೆ?

ಕಲ್ಲು ಮಣ್ಣುಗಳೆಲ್ಲದರಲ್ಲಿಯೂ ಯುರೇನಿಯಂ ಎಂಬ ಮೂಲವಸ್ತು ಅತಿ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ. ಅದು ಸ್ಥಿರವಾದ ವಸ್ತುವಲ್ಲ. ತನ್ನಷ್ಟಕ್ಕೆ ತಾನೇ ಒಡೆದು ಬೇರೆ ವಸ್ತುವಾಗುತ್ತದೆ. ಹೀಗೆ ಒಡೆಯುವ ಗುಣಕ್ಕೆ ವಿಕಿರಣಶೀಲತೆ ಎಂದು ಹೆಸರು. ಒಂದು ಮನೆತನದ ವಂಶಾವಳಿಯಂತೆ ಇದನ್ನು ಬರೆಯಬಹುದು. ಯುರೇನಿಯಂ ಮೂಲಪುರುಷ. ಅದರ ಅರ್ಧಾಯು, ಎಂದರೆ ಇದ್ದುದರಲ್ಲಿ ಅರ್ಧ ಒಡೆಯಲು ಬೇಕಾಗುವ ಕಾಲ, ಸುಮಾರು ೪೫೦ ಕೋಟಿ ವರ್ಷ. ಕೆಲವು ತಲೆಮಾರು ಕಳೆದ ಮೇಲೆ ರೇಡಿಯಂ ಹುಟ್ಟುತ್ತದೆ. ಅದರ ಅರ್ಧಾಯು ಸುಮಾರು ೧,೬೦೦ ವರ್ಷ. ರೇಡಿಯಂ ಒಡೆದಾಗ ಹುಟ್ಟುವುದೇ ರೇಡಾನ್. ಇದರ ಅರ್ಧಾಯು ಕೇವಲ ೩.೮ ದಿನ.

ಈ ವಂಶದಲ್ಲಿ ಉಳಿದವರೆಲ್ಲ ಘನವಸ್ತುಗಳು. ಕಲ್ಲಿನೊಳಗೆ ಹುಟ್ಟಿ ಕಲ್ಲಿನೊಳಗೇ ಉಳಿಯುವವರು. ರೇಡಾನ್ ಒಂದೇ ಅನಿಲ. ಅನಿಲವಾದ್ದರಿಂದ ಅದು ಕಲ್ಲಿನ ಬಿರುಕು, ಮಣ್ಣಿನ ರಂಧ್ರಗಳ ಮೂಲಕ ಮೇಲಕ್ಕೆ ಬರಬಲ್ಲದು. ಬಯಲಿಗೆ ಬಂದರೆ ಗಾಳಿಯಲ್ಲಿ ಬೆರೆತು ತೆಳುವಾಗಿಹೋಗುತ್ತದೆ. ಅದರಿಂದ ಹೆಚ್ಚಿನ ಬಾಧೆಯಿಲ್ಲ. ಮುಚ್ಚಿದ ಮನೆಯೊಳಕ್ಕೆ ಬಂದರೆ ಹೊರಹೋಗಲು ದಾರಿಯಿಲ್ಲದೆ ಕೂಡಿಕೊಳ್ಳುತ್ತದೆ.

೧೮೯೯ರಲ್ಲಿ ರುದರ್‌ಫರ್ಡ್ ಮತ್ತು ಓವೆನ್ಸ್ ಎಂಬವರು ಥೋರಿಯಂ ಎಂಬ ಮೂಲವಸ್ತುವಿನಿಂದ ವಿಕಿರಣಶೀಲವಾದ ಒಂದು ಅನಿಲ ಹೊರಡುವುದನ್ನು ಕಂಡರು. ೧೯೦೦ರಲ್ಲಿ ಜರ್ಮನಿಯ ಡಾರ್ನ್ ಎಂಬ ವಿಜ್ಞಾನಿ ರೇಡಿಯಂನಿಂದಲೂ ಅಂಥದೇ ಅನಿಲ ಹೊರಡುವುದನ್ನು ತೋರಿಸಿದನು. ರೇಡಿಯಂನಿಂದ ಬರುವುದು ರೇಡಾನ್. ಥೋರಿಯಂನಿಂದ ಬರುವ ಅದರ ದಾಯಾದಿಗೆ ಥೋರಾನ್ ಎಂದು ಹೆಸರು. ಥೋರಾನಿನ ಅರ್ಧಾಯು ಒಂದು ನಿಮಿಷಕ್ಕಿಂತ ಕಡಿಮೆ, ಸುಮಾರು ೫೬ ಸೆಕೆಂಡು. ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅಳತೆಯ ವಿಚಾರ ಬಂದಾಗ ಇದರ ಉಪಯೋಗವಿದೆ.

೨. ಅದರಿಂದ ಆಗುವ ಹಾನಿ

ರೇಡಾನನ್ನು ಉಸಿರಿನೊಡನೆ ಎಳೆದುಕೊಂಡರೆ ಬಹುಪಾಲು ಹಾಗೆಯೇ ಹೊರಕ್ಕೆ ಬರುತ್ತದೆ. ತೊಂದರೆ ಅದರ ಸಂತಾನದ್ದು. ರೇಡಾನ್ ಒಡೆದಾಗ ಪೊಲೋನಿಯಂ, ಸೀಸ, ಬಿಸ್ಮತ್ ಇವುಗಳ ವಿಕಿರಣಶೀಲ ರೂಪಗಳು ಹುಟ್ಟುತ್ತವೆ. ಇವು ಅನಿಲಗಳಲ್ಲ, ಗಾಳಿಯ ಧೂಳಿಗೂ ಹೊಗೆಯ ಕಣಗಳಿಗೂ ಅಂಟಿಕೊಂಡು ಶ್ವಾಸಕೋಶದ ಒಳಪದರದ ಮೇಲೆ ಕೂರುತ್ತವೆ. ಅಲ್ಲಿ ಕೂತು ಕೆಲವೇ ನಿಮಿಷಗಳಲ್ಲಿ ಒಡೆದು ಆಲ್ಫಾ ಕಣಗಳನ್ನು ಹಾರಿಸುತ್ತವೆ. ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟಲಾರದು. ಚರ್ಮದ ಮೇಲೆ ಬಿದ್ದರೆ ಅಪಾಯವಿಲ್ಲ. ಆದರೆ ಶ್ವಾಸಕೋಶದ ಎಳೆಯ ಜೀವಕೋಶಕ್ಕೆ ಅಷ್ಟು ಹತ್ತಿರದಿಂದ ಬಡಿದರೆ ಅದು ಕೋಶವನ್ನು ಕೆಡಿಸಬಲ್ಲದು. ಹೀಗೆ ಕೆಟ್ಟ ಕೋಶ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು.

ಈ ತಿಳಿವಳಿಕೆ ಮೊದಲು ಬಂದುದು ಗಣಿಕಾರ್ಮಿಕರ ದೇಹದಿಂದ. ಜರ್ಮನಿಯ ಶ್ನೀಬರ್ಗ್ ಪ್ರಾಂತದ ಗಣಿಗಾರರು ಎಳೆವಯಸ್ಸಿನಲ್ಲಿಯೇ ಎದೆಯ ರೋಗದಿಂದ ಸಾಯುವುದು ಹದಿನಾರನೆಯ ಶತಮಾನದಿಂದಲೂ ಗೊತ್ತಿತ್ತು. ಆ ರೋಗ ಶ್ವಾಸಕೋಶದ ಕ್ಯಾನ್ಸರೆಂದು ೧೮೭೯ರಲ್ಲಿ ಇಬ್ಬರು ವೈದ್ಯರು ಗುರುತಿಸಿದರು. ರೇಡಾನ್ ಇದಕ್ಕೆ ಕಾರಣವೆಂಬುದು ಸ್ಥಿರಪಡಲು ಮತ್ತೂ ಬಹಳ ಕಾಲ ಹಿಡಿಯಿತು. ೧೯೮೮ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಗಣಿಯ ಮಾತು ಹಾಗಿರಲಿ, ಮನೆಯಲ್ಲಿರುವ ಕಡಿಮೆ ಪ್ರಮಾಣದಿಂದಲೂ ಅಪಾಯವುಂಟೇ? ಯೂರೋಪಿನ ೧೩ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೫ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕೆ ಉತ್ತರ ಕೊಟ್ಟಿತು. ರೇಡಾನನ್ನು ಅಳೆಯುವ ಮಾನಕ್ಕೆ ಬೆಕೆರೆಲ್ ಎಂದು ಹೆಸರು. ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಒಂದು ಘನಮೀಟರ್ ಗಾಳಿಯಲ್ಲಿ ೧೦೦ ಬೆಕೆರೆಲ್ ಹೆಚ್ಚಾದಂತೆಲ್ಲ, ದೀರ್ಘಕಾಲ ಅಲ್ಲಿ ವಾಸಿಸುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡಾ ೧೬ರಷ್ಟು ಏರುತ್ತದೆ ಎಂದು ಆ ಲೆಕ್ಕ ತೋರಿಸಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಶೇಕಡಾ ೧೬ ಎಂದೊಡನೆ ನೂರಕ್ಕೆ ಹದಿನಾರು ಮಂದಿಗೆ ರೋಗ ಬರುತ್ತದೆಂದು ತಿಳಿಯಬಾರದು. ಇದ್ದ ಸಂಭವಕ್ಕೆ ಅಷ್ಟು ಸೇರುತ್ತದೆ ಎಂದರ್ಥ. ಅದೇ ಅಧ್ಯಯನದ ಪ್ರಕಾರ, ಎಂದೂ ಧೂಮಪಾನ ಮಾಡದವರಲ್ಲಿ ೭೫ ವರ್ಷದೊಳಗೆ ಈ ರೋಗದಿಂದ ಸಾಯುವ ಸಂಭವ ರೇಡಾನ್ ಇಲ್ಲದಾಗ ಸಾವಿರಕ್ಕೆ ೪. ೧೦೦ ಬೆಕೆರೆಲ್ ಇದ್ದಾಗ ಸಾವಿರಕ್ಕೆ ೫. ೪೦೦ ಬೆಕೆರೆಲ್ ಇದ್ದಾಗ ಸಾವಿರಕ್ಕೆ ೭. ಸಿಗರೇಟು ಸೇದುವವರಲ್ಲಿ ಇದೇ ಸಂಖ್ಯೆಗಳು ಸಾವಿರಕ್ಕೆ ೧೦೦, ೧೨೦, ೧೬೦. ಹೊಗೆ ಮತ್ತು ರೇಡಾನ್ ಕೂಡಿದರೆ ಒಂದಕ್ಕೊಂದು ಬಲ ಕೊಡುತ್ತವೆ ಎಂಬುದು ಇದರಿಂದ ಸ್ಪಷ್ಟ. ಆದುದರಿಂದ ಧೂಮಪಾನ ಬಿಡುವುದು ರೇಡಾನಿನ ವಿರುದ್ಧವೂ ಮೊದಲ ಮದ್ದು.

ವಿಶ್ವ ಆರೋಗ್ಯ ಸಂಸ್ಥೆ ೨೦೦೯ರಲ್ಲಿ ಮನೆಗಳಿಗೆ ಘನಮೀಟರಿಗೆ ೧೦೦ ಬೆಕೆರೆಲ್ ಎಂಬ ಮಟ್ಟವನ್ನು ಸೂಚಿಸಿತು. ಅದು ಸಾಧ್ಯವಾಗದ ದೇಶಗಳಲ್ಲಿಯೂ ೩೦೦ನ್ನು ಮೀರಬಾರದೆಂದಿತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು ೨೮ ಘನಮೀಟರ್ ಗಾಳಿಯಿದೆ. ಅಲ್ಲಿ ೧೦೦ ಬೆಕೆರೆಲ್ ಮಟ್ಟವಿದ್ದರೆ ಪ್ರತಿ ಸೆಕೆಂಡಿಗೆ ೨,೮೦೦ ರೇಡಾನ್ ಪರಮಾಣುಗಳು ಒಡೆಯುತ್ತಿವೆ ಎಂದಾಯಿತು. ಇಷ್ಟಾದರೂ ಆ ಕೋಣೆಯಲ್ಲಿ ಮಲಗಿದವನಿಗೆ ಏನೂ ಗೊತ್ತಾಗುವುದಿಲ್ಲ.

೩. ಒಬ್ಬ ನೌಕರನಿಂದ ಆರಂಭವಾದ ವೃತ್ತಿ

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಲಿಮರಿಕ್ ಎಂಬಲ್ಲಿ ಪರಮಾಣು ವಿದ್ಯುತ್ ಕೇಂದ್ರವೊಂದನ್ನು ಕಟ್ಟುತ್ತಿದ್ದರು. ನೌಕರರ ಮೈಮೇಲೆ ವಿಕಿರಣದ ಧೂಳು ಅಂಟಿದೆಯೇ ಎಂದು ನೋಡುವ ಯಂತ್ರಗಳನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ೧೯೮೪ರ ಡಿಸೆಂಬರಿನಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಇಂಜಿನಿಯರು ಹಾದುಹೋದಾಗ ಯಂತ್ರ ಕೂಗತೊಡಗಿತು. ವಿಚಿತ್ರವೆಂದರೆ, ಆತ ಕೆಲಸ ಮುಗಿಸಿ ಹೊರಡುವಾಗ ಮಾತ್ರವಲ್ಲ, ಬೆಳಿಗ್ಗೆ ಮನೆಯಿಂದ ಒಳಗೆ ಬರುವಾಗಲೂ ಅದು ಕೂಗಿತು. ಕೇಂದ್ರದಲ್ಲಿ ಆಗಿನ್ನೂ ವಿದ್ಯುತ್ ಉತ್ಪಾದನೆ ಆರಂಭವಾಗಿರಲಿಲ್ಲ. ಆತನ ಮನೆಯನ್ನು ಪರೀಕ್ಷಿಸಿದಾಗ ಘನಮೀಟರಿಗೆ ಸುಮಾರು ೧ ಲಕ್ಷ ಬೆಕೆರೆಲ್ ರೇಡಾನ್ ಕಂಡುಬಂದಿತು. ಮನೆಯವರು ಆ ಮನೆಯನ್ನು ಬಿಟ್ಟು ಹೊರಟರು. ತಜ್ಞರು ತಿಂಗಳುಗಟ್ಟಲೆ ಕೆಲಸಮಾಡಿ ಅದನ್ನು ವಾಸಯೋಗ್ಯವಾಗಿ ಮಾಡಿದ ಮೇಲೆ ಹಿಂದಿರುಗಿದರು.

ಈ ಘಟನೆ ಎರಡು ಪಾಠಗಳನ್ನು ಕಲಿಸಿತು. ಯಂತ್ರವಿಲ್ಲದೆ ರೇಡಾನನ್ನು ತಿಳಿಯಲಾಗದು ಎಂಬುದು ಮೊದಲನೆಯದು. ಎಷ್ಟೇ ಹೆಚ್ಚಿದ್ದರೂ ಅದನ್ನು ತಗ್ಗಿಸಬಹುದು ಎಂಬುದು ಎರಡನೆಯದು. ಜನರು ತಮ್ಮ ಮನೆಗಳನ್ನು ಪರೀಕ್ಷಿಸಲು ಮುಂದಾದರು. ಬೇಡಿಕೆ ಬಂದೊಡನೆ ಅರೆಬರೆ ತಿಳಿದವರೂ ಪೆಟ್ಟಿಗೆ ಹಿಡಿದು ಹೊರಡಬಹುದೆಂಬ ಭಯ ಸಹಜ. ಆದ್ದರಿಂದ ೧೯೮೬ರಲ್ಲಿ ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯು ಅಳತೆಗಾರರ ಯೋಗ್ಯತೆಯನ್ನು ಪರೀಕ್ಷಿಸುವ ಕಾರ್ಯಕ್ರಮವನ್ನು ಆರಂಭಿಸಿತು. ೧೯೮೮ರಲ್ಲಿ ಒಳಾಂಗಣ ರೇಡಾನ್ ನಿವಾರಣೆಗೆ ಕಾನೂನು ಬಂದಿತು. ಪ್ರಾಂತೀಯ ತರಬೇತಿ ಕೇಂದ್ರಗಳು ಹುಟ್ಟಿದವು. ೧೯೯೮ರಲ್ಲಿ ಸರ್ಕಾರ ತನ್ನ ಕಾರ್ಯಕ್ರಮವನ್ನು ನಿಲ್ಲಿಸಿದ ಮೇಲೆ ಯೋಗ್ಯತಾಪತ್ರ ಕೊಡುವ ಕೆಲಸವನ್ನು ಖಾಸಗಿ ಮಂಡಲಿಗಳು ವಹಿಸಿಕೊಂಡವು. ಕೆಲವು ಸಂಸ್ಥಾನಗಳು ತಮ್ಮದೇ ಪರವಾನಗಿಯನ್ನು ಕೊಡುತ್ತವೆ. ಅಳತೆಗಾರನ ಶಿಕ್ಷಣ ಬೇರೆ, ತಗ್ಗಿಸುವವನ ಶಿಕ್ಷಣ ಬೇರೆ. ಪಾಠ ಕೇಳಿ, ಪರೀಕ್ಷೆ ಕೊಟ್ಟು, ಯೋಗ್ಯತಾಪತ್ರ ಪಡೆದು, ಅದನ್ನು ಆಗಾಗ ಹೊಸ ಪಾಠಗಳಿಂದ ನವೀಕರಿಸಿಕೊಳ್ಳಬೇಕು.

೪. ಅಳತೆಗಾರ ಕಲಿಯುವುದೇನು?

ಮೊದಲನೆಯದು ಸಾಧನಗಳ ಪರಿಚಯ. ಸಕ್ರಿಯ ಇದ್ದಿಲು ತುಂಬಿದ ಡಬ್ಬಿಯನ್ನು ಕೋಣೆಯಲ್ಲಿ ಕೆಲವು ದಿನ ತೆರೆದಿಟ್ಟರೆ ಇದ್ದಿಲು ರೇಡಾನನ್ನು ಹೀರಿಕೊಳ್ಳುತ್ತದೆ. ಬಳಿಕ ಮುಚ್ಚಿ ಪ್ರಯೋಗಶಾಲೆಗೆ ಕಳುಹಿಸಬೇಕು. ೩.೮ ದಿನಕ್ಕೊಮ್ಮೆ ಅರ್ಧವಾಗುವ ವಸ್ತುವಾದ್ದರಿಂದ ಅಂಚೆಯಲ್ಲಿ ತಡವಾದರೆ ಲೆಕ್ಕ ಕೆಡುತ್ತದೆ. ಇನ್ನೊಂದು ಬಗೆ ಪಟಲದ ಸಾಧನ. ವಿಶೇಷ ಪ್ಲಾಸ್ಟಿಕ್ ಪಟಲದ ಮೇಲೆ ಆಲ್ಫಾ ಕಣ ಬಡಿದಲ್ಲಿ ಕಣ್ಣಿಗೆ ಕಾಣದ ಗಾಯವಾಗುತ್ತದೆ. ತಿಂಗಳುಗಳ ನಂತರ ಪಟಲವನ್ನು ಬಿಸಿಯಾದ ಕ್ಷಾರದ್ರಾವಣದಲ್ಲಿಟ್ಟರೆ ಗಾಯಗಳು ರಂಧ್ರಗಳಾಗಿ ಬೆಳೆಯುತ್ತವೆ, ಅವುಗಳನ್ನು ಎಣಿಸಬಹುದು. ಮೂರನೆಯದು ಗಂಟೆಗಂಟೆಗೂ ಸಂಖ್ಯೆ ಬರೆದಿಡುವ ವಿದ್ಯುದ್ಯಂತ್ರ.

ಎರಡನೆಯದು, ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬುದು. ವಾಸವಿರುವ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ ಇಡಬೇಕು. ನೆಲದಿಂದ ಕನಿಷ್ಠ ಒಂದೂವರೆ ಅಡಿಗಿಂತ ಮೇಲಿರಬೇಕು. ಕಿಟಕಿ, ಬಾಗಿಲು, ಫ್ಯಾನಿನ ಗಾಳಿ, ಒಲೆಯ ಬಿಸಿ ತಾಗಬಾರದು. ಅಡಿಗೆಮನೆ, ಬಚ್ಚಲುಮನೆ ಸೂಕ್ತ ಸ್ಥಳಗಳಲ್ಲ. ಎರಡು ಮೂರು ದಿನದ ಅಲ್ಪಕಾಲದ ಪರೀಕ್ಷೆಯಾದರೆ ಹನ್ನೆರಡು ಗಂಟೆ ಮೊದಲಿನಿಂದ ಕಿಟಕಿ ಬಾಗಿಲುಗಳನ್ನು ಮುಚ್ಚಿಡಬೇಕು; ಜನ ಓಡಾಡುವಷ್ಟು ಮಾತ್ರ ತೆರೆಯಬಹುದು. ರೇಡಾನ್ ಗಾಳಿಗಿಂತ ಏಳೆಂಟು ಪಟ್ಟು ಭಾರವಾದ್ದರಿಂದ ನೆಲದಲ್ಲೇ ಕೂತಿರುತ್ತದೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ; ಮನೆಗಳಲ್ಲಿರುವಷ್ಟು ಅತ್ಯಲ್ಪ ಪ್ರಮಾಣದಲ್ಲಿ ಅದು ಗಾಳಿಯೊಡನೆ ಬೆರೆತೇ ಇರುತ್ತದೆ.

ಮೂರನೆಯದು ತನ್ನ ಕೆಲಸವನ್ನು ತಾನೇ ಶಂಕಿಸುವ ಶಿಸ್ತು. ಹತ್ತು ಅಳತೆಗಳಿಗೆ ಒಂದರಂತೆ ಒಂದೇ ಕಡೆ ಜೋಡಿ ಸಾಧನ ಇಟ್ಟು ಎರಡರ ಸಂಖ್ಯೆಗಳೂ ಹೊಂದುತ್ತವೆಯೇ ನೋಡಬೇಕು. ಇಪ್ಪತ್ತಕ್ಕೆ ಒಂದರಂತೆ, ತೆರೆಯದೆ ಇಟ್ಟ ಸಾಧನವನ್ನು ಪ್ರಯೋಗಶಾಲೆಗೆ ಕಳುಹಿಸಬೇಕು. ಅದರಲ್ಲಿ ಏನೂ ಕಾಣಿಸಬಾರದು. ನೂರಕ್ಕೆ ಮೂರರಂತೆ, ಪ್ರಮಾಣ ಮೊದಲೇ ಗೊತ್ತಿರುವ ರೇಡಾನಿನಲ್ಲಿ ಇಟ್ಟ ಸಾಧನವನ್ನು ಕಳುಹಿಸಬೇಕು; ಪ್ರಯೋಗಶಾಲೆ ಅದೇ ಸಂಖ್ಯೆಯನ್ನು ಹೇಳಬೇಕು. ಅಂಗಡಿಯವನ ತಕ್ಕಡಿಯನ್ನು ಮುದ್ರೆಯ ಕಲ್ಲಿನಿಂದ ಪರೀಕ್ಷಿಸಿದಂತೆ ಇದು.

ನಾಲ್ಕನೆಯದು, ಫಲಿತಾಂಶವನ್ನು ಮನೆಯವರಿಗೆ ತಿಳಿಹೇಳುವುದು. ಒಂದು ಅಲ್ಪಕಾಲದ ಸಂಖ್ಯೆ ಹೆಚ್ಚಿದ್ದರೆ ಮತ್ತೊಮ್ಮೆ ಅಳೆಯದೆ ಗಾಬರಿಪಡಿಸಬಾರದು. ಕಡಿಮೆಯಿದ್ದರೆ ಎಂದೆಂದಿಗೂ ಚಿಂತೆಯಿಲ್ಲವೆಂದು ಭರವಸೆ ಕೊಡಬಾರದು. ರೇಡಾನ್ ದಿನದಿಂದ ದಿನಕ್ಕೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ.

೫. ತಗ್ಗಿಸುವವನ ಕೈಗೆಲಸ

ಮನೆ ನೆಲದ ಗಾಳಿಯನ್ನು ಏಕೆ ಎಳೆದುಕೊಳ್ಳುತ್ತದೆ ಎಂಬುದು ತಗ್ಗಿಸುವವನ ಮೊದಲ ಪಾಠ. ಒಳಗಿನ ಬಿಸಿಗಾಳಿ ಮೇಲಕ್ಕೇರಿ ಹೊರಹೋಗುವಾಗ ಕೆಳಗೆ ಒತ್ತಡ ಸ್ವಲ್ಪ ಕಡಿಮೆಯಾಗಿ, ಆ ಎಳೆತಕ್ಕೆ ನೆಲದ ಸಂದುಗಳಿಂದ ಮಣ್ಣಿನ ಗಾಳಿ ಏರಿ ಬರುತ್ತದೆ. ಚಳಿದೇಶಗಳಲ್ಲಿ ಇದು ಪ್ರಬಲ.

ಪರಿಹಾರವೂ ಇದೇ ತತ್ವದ ಮೇಲೆ ನಿಂತಿದೆ. ನೆಲದ ಹಾಸಿಗೆ ರಂಧ್ರ ಕೊರೆದು, ಅದರಡಿಯ ಜಲ್ಲಿಯೊಳಕ್ಕೆ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಇಳಿಸುತ್ತಾರೆ. ಕೊಳವೆ ಮನೆಯ ಮಾಳಿಗೆಯ ಮೇಲಿನವರೆಗೆ ಹೋಗುತ್ತದೆ. ಅದಕ್ಕೆ ಒಂದು ಚಿಕ್ಕ ಫ್ಯಾನು ಜೋಡಿಸಿರುತ್ತದೆ. ಹೊಗೆಗೂಡು ಒಲೆಯ ಹೊಗೆಯನ್ನು ಎಳೆದು ಹೊರಹಾಕುವಂತೆ ಅದು ನೆಲದಡಿಯ ಗಾಳಿಯನ್ನು ಮನೆಯೊಳಗೆ ಬರುವ ಮೊದಲೇ ಎಳೆದು ಆಕಾಶಕ್ಕೆ ಬಿಡುತ್ತದೆ. ಜೊತೆಗೆ ಬಿರುಕುಗಳನ್ನೂ ಕೊಳವೆಗಳ ಸುತ್ತಲಿನ ಸಂದುಗಳನ್ನೂ ಮುಚ್ಚಬೇಕು. ಬರಿಯ ಸಂದು ಮುಚ್ಚುವುದರಿಂದ ಮಾತ್ರ ಕೆಲಸವಾಗುವುದಿಲ್ಲ. ಒಂದು ದಾರಿ ಕಟ್ಟಿದರೆ ಅನಿಲ ಇನ್ನೊಂದು ದಾರಿ ಹುಡುಕುತ್ತದೆ. ಕೊಳವೆಗೆ ದ್ರವ ತುಂಬಿದ ಒಂದು ಬಾಗುಗೊಳವೆಯನ್ನು ಜೋಡಿಸಿರುತ್ತಾರೆ. ಅದರ ಎರಡು ಕಡೆಯ ದ್ರವದ ಮಟ್ಟದಲ್ಲಿ ವ್ಯತ್ಯಾಸ ಕಂಡರೆ ಫ್ಯಾನು ಎಳೆಯುತ್ತಿದೆ, ಸಮವಾಗಿದ್ದರೆ ನಿಂತಿದೆ ಎಂದು ಓದು ಬಾರದವರೂ ತಿಳಿಯಬಹುದು.

ಇದರಲ್ಲಿ ತಪ್ಪಿದರೆ ಆಗುವ ಅನಾಹುತಗಳನ್ನೂ ಕಲಿಸುತ್ತಾರೆ. ಕೊಳವೆಯ ಬಾಯಿ ಕಿಟಕಿಯ ಹತ್ತಿರವಿದ್ದರೆ ಹೊರಹಾಕಿದ ಅನಿಲ ಮತ್ತೆ ಒಳಗೆ ಬರುತ್ತದೆ. ಜನ ವಾಸಿಸುವ ಕೋಣೆಯಲ್ಲಿ ಫ್ಯಾನು ಕೂರಿಸಿದರೆ ಅದು ಸೋರಿದಾಗ ಅಪಾಯ. ಎಳೆತ ಅತಿಯಾದರೆ ಒಲೆಯ ಹೊಗೆಯೇ ಹಿಂದಕ್ಕೆ ಮನೆಯೊಳಗೆ ತಿರುಗಬಹುದು. ಕೆಲಸ ಮುಗಿದ ಮೇಲೆ ಒಂದು ದಿನ ಕಳೆದು, ಒಂದು ತಿಂಗಳೊಳಗೆ, ಮತ್ತೆ ಅಳೆಯಲೇಬೇಕು. ತಗ್ಗಿಸಿದವನೇ ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟುಕೊಳ್ಳದೆ ಬೇರೊಬ್ಬ ಅಳೆಯುವುದು ಮೇಲು. ಹೊಸ ಮನೆ ಕಟ್ಟುವಾಗಲಾದರೆ ಕೆಲಸ ಇನ್ನೂ ಸುಲಭ. ನೆಲದಡಿ ಜಲ್ಲಿಯ ಪದರ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಹಾಳೆ, ಮೇಲಕ್ಕೆ ಒಂದು ಕೊಳವೆ, ಇಷ್ಟನ್ನು ಬುನಾದಿಯಲ್ಲೇ ಇಟ್ಟರೆ ಮುಂದೆ ಬೇಕಾದಾಗ ಫ್ಯಾನು ಮಾತ್ರ ಜೋಡಿಸಿದರಾಯಿತು.

೬. ಕರ್ನಾಟಕದಲ್ಲಿ

ನಮ್ಮ ನಾಡಿನಲ್ಲಿ ಈ ವಿದ್ಯೆ ಮುಖ್ಯವಾಗಿ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದವರು ಮೈಸೂರು ಸುತ್ತಿನ ಮನೆಗಳಲ್ಲಿ ಪಟಲಗಳನ್ನು ತೂಗುಹಾಕಿ ರೇಡಾನನ್ನೂ ಥೋರಾನನ್ನೂ ಅಳೆದಿದ್ದಾರೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪರಿಸರದ ವಿಕಿರಣಶೀಲತೆಯ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಅದರ ಹತ್ತಿರದ ಉಳ್ಳಾಲದ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜವಿದೆ.

ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ನಮ್ಮ ದೇಶದ ಮನೆಗಳ ಅಧ್ಯಯನಕ್ಕೆ ಒಂದು ಚಿಕ್ಕ ಸಾಧನವನ್ನು ರೂಪಿಸಿದ್ದಾರೆ. ಅದರಲ್ಲಿ ಎರಡು ಕೋಣೆಗಳುಂಟು. ನಡುವಿನ ಗೋಡೆಯಲ್ಲಿ ಸೂಜಿಮೊನೆಯಂಥ ರಂಧ್ರಗಳು. ಗಾಳಿ ಮೊದಲ ಕೋಣೆಗೆ ಒಂದೇ ಕಡೆಯಿಂದ ಬರುತ್ತದೆ. ಥೋರಾನಿಗೆ ಆಯುಸ್ಸು ಒಂದು ನಿಮಿಷದಷ್ಟೂ ಇಲ್ಲವಾದ್ದರಿಂದ ರಂಧ್ರಗಳನ್ನು ದಾಟುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ರೇಡಾನ್ ಮಾತ್ರ ಎರಡನೆಯ ಕೋಣೆ ಸೇರುತ್ತದೆ. ಎರಡೂ ಕೋಣೆಗಳ ಪಟಲಗಳನ್ನು ಹೋಲಿಸಿದರೆ ಎರಡು ಅನಿಲಗಳ ಲೆಕ್ಕವೂ ಬೇರೆಬೇರೆ ಸಿಗುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಮೂರು ತಿಂಗಳು ತೂಗುಹಾಕಿದರೆ ಸಾಕು. ಕರೆಂಟು ಆಗಾಗ ಹೋಗುವ ಹಳ್ಳಿಗಳಿಗೆ ಇಂಥ ಸಾಧನವೇ ಸರಿ.

ನೀರಿನ ದಾರಿಯೂ ಒಂದುಂಟು. ಬೆಂಗಳೂರಿನ ಕೆಲವು ಭಾಗಗಳ ಅಂತರ್ಜಲದಲ್ಲಿ ರೇಡಾನ್ ಹೆಚ್ಚಾಗಿದೆಯೆಂದು ೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಗ್ರಾನೈಟಿನ ಬಿರುಕುಗಳಲ್ಲಿ ನಿಂತ ನೀರು ರೇಡಾನನ್ನು ಕರಗಿಸಿಕೊಂಡು ಕೊಳವೆಬಾವಿಯಿಂದ ಮೇಲೆ ಬರುತ್ತದೆ. ಸಮಾಧಾನದ ಸಂಗತಿಯೆಂದರೆ, ನೀರನ್ನು ಗಾಳಿಯಾಡುವ ತೊಟ್ಟಿಗೆ ಎತ್ತರದಿಂದ ಧುಮುಕಿಸಿದರೆ ಬಹಳಷ್ಟು ರೇಡಾನ್ ಹೊರಟುಹೋಗುತ್ತದೆ. ತುಂಬಿಟ್ಟ ನೀರಿನಲ್ಲಿ ಉಳಿದುದೂ ನಾಲ್ಕು ದಿನಕ್ಕೆ ಅರ್ಧವಾಗುತ್ತದೆ. ಆದರೆ ತೊಟ್ಟಿ ಮನೆಯ ಹೊರಗಿರಬೇಕು. ಇಲ್ಲವಾದರೆ ನೀರು ಬಿಟ್ಟ ಅನಿಲ ಉಸಿರಿಗೆ ಸೇರುತ್ತದೆ.

ಇನ್ನು ನಮ್ಮ ರಾಯಚೂರು ಜಿಲ್ಲೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿನ ಬಹುಭಾಗ ಗ್ರಾನೈಟು ಮತ್ತು ನೈಸ್ ಶಿಲೆಗಳ ನೆಲ. ಹಿರೇಕೊಟ್ನೆಕಲ್, ಮುದಗಲ್ ಎಂಬ ಊರ ಹೆಸರುಗಳಲ್ಲೇ ಕಲ್ಲಿನ ಸದ್ದು ಕೇಳಿಸುತ್ತದೆ. ಕೃಷ್ಣೆಯ ಆಚೆಗೆ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವನ್ನೇ ಗುರುತಿಸಿದ್ದಾರೆ. ಹಾಗೆಂದು ನಮ್ಮ ಮನೆಗಳೆಲ್ಲ ರೇಡಾನಿನಿಂದ ತುಂಬಿವೆ ಎಂದು ತೀರ್ಮಾನಿಸುವುದು ಅವಿವೇಕ. ನೆಲದಲ್ಲಿ ಯುರೇನಿಯಂ ಎಷ್ಟಿದೆ ಎಂಬುದೊಂದೇ ಸಾಲದು. ಮಣ್ಣು ಗಾಳಿಯನ್ನು ಎಷ್ಟು ಬಿಡುತ್ತದೆ, ನೆಲ ಹೇಗೆ ಹಾಸಿದೆ, ಕಿಟಕಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದೆಲ್ಲ ಕೂಡಿ ಮನೆಯ ಮಟ್ಟ ನಿರ್ಧಾರವಾಗುತ್ತದೆ. ಅಕ್ಕಪಕ್ಕದ ಎರಡು ಮನೆಗಳಲ್ಲಿಯೇ ಬಹಳ ಅಂತರವಿರಬಹುದು.

ನಮ್ಮ ಹಳ್ಳಿಯ ಮನೆಯನ್ನು ಈ ದೃಷ್ಟಿಯಿಂದ ನೋಡೋಣ. ಹಳೆಯ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಗೆ ಕಿಟಕಿಗಳು ಕಡಿಮೆ. ಆದರೆ ಮೇಲೆ ಬೆಳಕಿಂಡಿಯಿದೆ, ಹಗಲೆಲ್ಲ ತಲೆಬಾಗಿಲು ತೆರೆದಿರುತ್ತದೆ, ಬೇಸಗೆಯಲ್ಲಿ ಜನ ಅಂಗಳದಲ್ಲೋ ಮಾಳಿಗೆಯ ಮೇಲೋ ಮಲಗುತ್ತಾರೆ. ಇದೆಲ್ಲ ಅನುಕೂಲ. ಮಣ್ಣಿನ ಗೋಡೆಯ ಹತ್ತಿರ ಥೋರಾನ್ ಇರಬಹುದಾದ್ದರಿಂದ ಸಾಧನವನ್ನು ಗೋಡೆಗೆ ಅಂಟಿಸಿ ಇಡುವುದು ಸಲ್ಲದು. ಶಹಾಬಾದ್ ಕಲ್ಲು ಹಾಸಿದ ನೆಲದಲ್ಲಿ ಕಲ್ಲಿಗೂ ಕಲ್ಲಿಗೂ ನಡುವಿನ ಸಂದು ಸವೆದು ಬಾಯಿಬಿಟ್ಟಿರುತ್ತದೆ. ಕಲ್ಲಿನಿಂದಲ್ಲ, ಆ ಸಂದಿನಿಂದ ಮಣ್ಣಿನ ಗಾಳಿಗೆ ದಾರಿ. ಹೊಸ ಸಿಮೆಂಟಿನ ಮನೆಗಳ ಸಂಗತಿ ಬೇರೆ. ನೆಲ ಬಿಗಿಯಾಗಿದೆ, ಆದರೆ ಬೇಸಗೆಯಲ್ಲಿ ತಂಪುಯಂತ್ರ ಹಾಕಿ ಕಿಟಕಿ ಬಾಗಿಲು ಬಿಗಿಯುವ ರೂಢಿ ಬರುತ್ತಿದೆ. ಯಾವ ಮನೆಯಲ್ಲಿ ಎಷ್ಟು ಎಂಬುದನ್ನು ಊಹೆಯಿಂದ ಹೇಳಬಾರದು. ಒಂದೇ ಮನೆಯನ್ನು ಚಳಿ, ಬೇಸಗೆ, ಮಳೆಗಾಲ ಮೂರರಲ್ಲಿಯೂ ಅಳೆದರೆ ನಿಜ ಹೊರಬೀಳುತ್ತದೆ.

೭. ನಮಗೇನು ಕೆಲಸ?

ಮೇಲೆ ಹೇಳಿದ ಕೆಲಸಗಳನ್ನು ಮತ್ತೊಮ್ಮೆ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪಟಲವನ್ನು ಕ್ಷಾರದಲ್ಲಿ ಬೇಯಿಸಿ ಎಣಿಸುವುದು ವಿಜ್ಞಾನ ಪದವೀಧರರ ಕೆಲಸ. ನೆಲ ಕೊರೆಯುವುದು, ಸಂದು ತುಂಬುವುದು, ಗಿಲಾವು ಮಾಡುವುದು, ಕೊಳವೆ ನಿಲ್ಲಿಸುವುದು ನಮ್ಮೂರ ಗೌಂಡಿಗಳಿಗೆ ಹೊಸದೇನಲ್ಲ. ನನ್ನ ತಂದೆ ಗೌಂಡಿಗಳು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಗೋಡೆಯ ಸೆರೆ ನೋಡಿ ಬುನಾದಿಯ ಕೊರತೆ ಹೇಳಬಲ್ಲರು. ಅಂಥವರಿಗೆ ಏಕೆ ಮುಚ್ಚಬೇಕು, ಎಲ್ಲಿ ಮುಚ್ಚಬೇಕು, ಮುಚ್ಚಿದರೆ ಸಾಲದೇಕೆ ಎಂಬುದನ್ನು ಕನ್ನಡದಲ್ಲಿ ಕೆಲವು ವಾರ ಕಲಿಸಿದರೆ ಒಳ್ಳೆಯ ಕೆಲಸಗಾರರಾಗುವುದರಲ್ಲಿ ಸಂದೇಹವಿಲ್ಲ. ಪಾಠವೆಲ್ಲ ಪರಭಾಷೆಯಲ್ಲೇ ಉಳಿದರೆ ಈ ವಿದ್ಯೆ ಅವರ ಕೈಗೆ ಎಂದೂ ತಲುಪದು.

ಇವೆರಡರ ನಡುವೆ ಮೂರನೆಯ ಕೆಲಸವೊಂದು ಉಳಿಯುತ್ತದೆ. ಮನೆಮನೆಗೆ ಹೋಗಿ ಅನುಮತಿ ಕೇಳುವುದು, ಸಾಧನ ತೂಗುಹಾಕುವುದು, ದಿನಾಂಕ ಬರೆಯುವುದು, ಮೂರು ತಿಂಗಳು ಅದನ್ನು ಯಾರೂ ಮುಟ್ಟದಂತೆ ತಿಳಿಹೇಳುವುದು, ಕೊನೆಗೆ ಸಂಖ್ಯೆಯ ಅರ್ಥವನ್ನು ಅಜ್ಜಿಗೂ ತಿಳಿಯುವಂತೆ ವಿವರಿಸುವುದು. ಇದು ಕಲೆಯ ವಿದ್ಯಾರ್ಥಿಗೆ ತಕ್ಕ ಕೆಲಸ. ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ.

ಈ ಕೆಲಸದಲ್ಲಿ ಒಂದು ಹೊಣೆಯುಂಟು. ನಮ್ಮಂಥ ಮನೆಗಳಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವನ ಮಾತಿಗೆ ಹೆಚ್ಚು ಬೆಲೆ. ಸರ್ಕಾರದ ಕಾಗದ ಬಂದರೆ ಅವನಿಂದ ಓದಿಸುತ್ತಾರೆ. ಔಷಧದ ಚೀಟಿಯನ್ನು ಅವನಿಗೆ ತೋರಿಸುತ್ತಾರೆ. “ನಿಮ್ಮ ಮನೆಯಲ್ಲಿ ವಿಷದ ಗಾಳಿಯಿದೆ” ಎಂದು ಅವನೊಂದು ಮಾತು ಹೇಳಿದರೆ ಆ ಮನೆಗೆ ಹೆಣ್ಣು ಕೊಡಲು ಹಿಂಜರಿಯುವವರೂ ಇರಬಹುದು, ಮನೆಯ ಬೆಲೆಯೂ ಇಳಿಯಬಹುದು. “ಏನೂ ಇಲ್ಲ, ನಿಶ್ಚಿಂತೆಯಾಗಿರಿ” ಎಂದರೆ ಅದನ್ನೂ ನಂಬಿಬಿಡುತ್ತಾರೆ. ಎರಡು ಮಾತುಗಳನ್ನೂ ಅಳೆಯದೆ ಆಡುವ ಹಕ್ಕು ಅವನಿಗಿಲ್ಲ. ಒಂದು ಮನೆಯ ಸಂಖ್ಯೆಯನ್ನು ಇನ್ನೊಂದು ಮನೆಯಲ್ಲಿ ಹೇಳುವ ಹಕ್ಕೂ ಇಲ್ಲ. ತರಬೇತಿ ಎಂದರೆ ಯಂತ್ರದ ಗುಂಡಿ ಒತ್ತುವುದಷ್ಟೇ ಅಲ್ಲ, ಯಾವಾಗ ಮಾತಾಡಬೇಕು, ಎಷ್ಟು ಮಾತಾಡಬೇಕು ಎಂಬುದನ್ನು ಕಲಿಯುವುದೂ ಹೌದು.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಹಳ್ಳಿಗಳಲ್ಲಿ ನಡೆಯುತ್ತವೆ. ಅವುಗಳಲ್ಲೊಂದರಲ್ಲಿ, ವಿಶ್ವವಿದ್ಯಾನಿಲಯದ ಯಾವುದಾದರೂ ಭೌತಶಾಸ್ತ್ರ ವಿಭಾಗದ ನೆರವು ಕೋರಿ, ಹಳೆಯ ಮಾಳಿಗೆಮನೆ ಇಪ್ಪತ್ತು, ಸಿಮೆಂಟಿನ ಮನೆ ಇಪ್ಪತ್ತು, ಶಾಲೆಯ ಕೋಣೆ ಕೆಲವನ್ನು ಆರಿಸಿ, ವರ್ಷದ ಮೂರು ಕಾಲಗಳಲ್ಲಿ ಅಳೆಯಬಹುದೆಂದು ಗುರುವರ್ಯರಲ್ಲಿ ಸವಿನಯವಾಗಿ ಅರಿಕೆ ಮಾಡುತ್ತೇನೆ. ಫಲಿತಾಂಶ ಕಡಿಮೆ ಬಂದರೆ ಊರಿಗೆ ನೆಮ್ಮದಿ. ಎಲ್ಲೋ ಒಂದು ಮನೆಯಲ್ಲಿ ಹೆಚ್ಚು ಬಂದರೆ ಬೆಳಕಿಂಡಿ ತೆರೆಯುವುದರಿಂದ ಹಿಡಿದು ಕೊಳವೆ ನಿಲ್ಲಿಸುವವರೆಗೆ ಮಾಡಬಹುದಾದ ಕೆಲಸಗಳಿವೆ. ಹೇಗೆ ಬಂದರೂ ಅಳೆದ ಸಂಖ್ಯೆಯನ್ನು ನಲವತ್ತು ಮನೆಯವರಿಗೂ ಅವರವರ ಬಾಗಿಲಿಗೆ ಹೋಗಿ ಹೇಳಿಬರುವ ಕೆಲಸಕ್ಕೆ ಅಂತಿಮ ವರ್ಷದ ನಾವು ಕೆಲವರು ಸಿದ್ಧರಿದ್ದೇವೆ.